ಅಪ್ಪ ಒಳಗಿದ್ದಾರೋ, ಹೋಗಿಬಿಟ್ಟರೋ?

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕು. ಅಪ್ಪನಿಗೆ 82 ವರ್ಷ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ನಮ್ಮ ಹಳೇ ಮನೆ, ತೋಟ ಎಲ್ಲ ಶರಾವತಿ ಹಿನ್ನೀರಿನ ಪಾಲಾಯಿತು. ಈಗಲೂ ಊರವರಿಗೆ ನಾವು ಮುಳುಗಡೆಯವರೇ. ಮೂರು ವರ್ಷದಿಂದ ಅಪ್ಪನಿಗೆ ಮರೆವು. ಶಿವಮೊಗ್ಗದಲ್ಲಿ ತೋರಿಸಿದಾಗ ಅಲ್ಝೈಮರ್ ಎಂದರು. ನನ್ನ ಗುರುತು ಹತ್ತುವುದಿಲ್ಲ. ಸಂಜೆಯಾದರೆ ಎದ್ದು ನಿಂತು ‘ಹೊತ್ತಾತು, ಮನೆಗೆ ಹೋಗಣ ಮಾರಾಯ’ ಎನ್ನುತ್ತಾರೆ. ಆದರೆ ಮೆಟ್ಟುಗತ್ತಿಯ ಮುಂದೆ ಕೂರಿಸಿದರೆ ಅಡಿಕೆ ಸುಲಿಯುತ್ತಾರೆ. ತಾಳಮದ್ದಳೆಯ ಪದದ ಮೊದಲ ಸಾಲು ಎತ್ತಿಕೊಟ್ಟರೆ ಪೂರ್ತಿ ಹಾಡುತ್ತಾರೆ. ಡಾಕ್ಟರು ‘ಹಾರ್ಡ್ ಡಿಸ್ಕ್ ಹಾಳಾದ ಹಾಗೆ, ಡಾಟಾ ಹೋಗಿದೆ’ ಎಂದರು. ಅದನ್ನು ಕೇಳಿದ ಮೇಲೆ ಅಕ್ಕ ಬರುವುದನ್ನೇ ಕಡಿಮೆ ಮಾಡಿದ್ದಾಳೆ. ‘ಅಲ್ಲಿ ಅಪ್ಪ ಇಲ್ಲ, ಬರೀ ದೇಹ’ ಎನ್ನುತ್ತಾಳೆ. ಚಿಕ್ಕಪ್ಪ ಗೀತೆಯ ಶ್ಲೋಕ ಹೇಳಿ, ‘ಬಟ್ಟೆ ಹಳೆಯದಾಗಿದೆ ಅಷ್ಟೆ, ಒಳಗಿನವನಿಗೆ ಎಲ್ಲ ಗೊತ್ತಾಗ್ತದೆ’ ಎನ್ನುತ್ತಾರೆ. ನನಗೆ ಮಾತ್ರ ಇದು ಮುಳುಗಡೆಯ ಹಾಗೇ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೇ ಅಣೆಕಟ್ಟು ಮೇಲೆದ್ದು ಬರುವ ಹಾಗೆ ಅಪ್ಪನ ನೆನಪೂ ಇದ್ದಲ್ಲೇ ಇರಬಹುದು. ಈ ಮೇ ತಿಂಗಳಲ್ಲಿ ಅವರನ್ನು ಹಿನ್ನೀರಿಗೆ ಕರೆದುಕೊಂಡು ಹೋಗಿ ಹಳೇ ಜಾಗ ತೋರಿಸಬೇಕು ಅಂತಿದ್ದೇನೆ. ಹೋದ ನೆನಪು ವಾಪಸು ತರಿಸುತ್ತೇನೆ ಎಂದು ಒಬ್ಬರು ಔಷಧಿಯ ಮಾತನ್ನೂ ಆಡುತ್ತಿದ್ದಾರೆ. ನೀವು ತತ್ವಶಾಸ್ತ್ರ ಓದಿಸಿದವರು. ಮೂವರ ಮಾತಿನಲ್ಲಿ ಯಾವುದು ನಿಜ? ಅಪ್ಪ ಒಳಗಿದ್ದಾರೋ, ಹೋಗಿಬಿಟ್ಟರೋ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬಗೆಯ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಕಾಯಿಲೆ ಏನು, ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ವೈದ್ಯರಿಗೆ ಸೇರಿದ್ದು. ಹಿನ್ನೀರಿಗೆ ಕರೆದೊಯ್ಯಬೇಕೇ, ಆ ಔಷಧಿ ಕೊಡಿಸಬೇಕೇ, ಅಕ್ಕನಿಗೆ ಏನು ಹೇಳಬೇಕು ಎನ್ನುವುದು ಮನೆಯವರಿಗೆ ಸೇರಿದ್ದು. ಅಪ್ಪ ಒಳಗಿದ್ದಾರೋ ಹೋಗಿಬಿಟ್ಟರೋ ಎನ್ನುವುದು ನಾನು ಇಷ್ಟು ವರ್ಷ ಪಾಠ ಮಾಡಿದ ವಿಷಯಕ್ಕೆ ಸೇರಿದ್ದು. ನಾನು ವೈದ್ಯನಲ್ಲ. ಕಾಯಿಲೆಯ ಬಗ್ಗೆ ಈಗ ಚೆನ್ನಾಗಿ ತಿಳಿದಿರುವ ಸಂಗತಿಗಳನ್ನಷ್ಟೇ ಹೇಳುತ್ತೇನೆ. ಮೂರನೆಯದನ್ನು ಮಾತ್ರ ಬಿಡಿಸಿ ಹೇಳಬೇಕು. ನಿಮ್ಮ ಮನೆಯಲ್ಲಿ ಈಗ ಆಗುತ್ತಿರುವ ತೀರ್ಮಾನಗಳೆಲ್ಲ, ಅಕ್ಕ ಬರದೆ ಇರುವುದೂ ಸೇರಿ, ಅದರ ಮೇಲೇ ನಿಂತಿವೆ.

ಯಾವುದು ನಿಜ ಎಂದು ಕೇಳಿದಿರಿ. ಮೂರೂ ಹೋಲಿಕೆಗಳು. ಹೋಲಿಕೆ ಎಷ್ಟು ದೂರ ಹೊಂದುತ್ತದೆ, ಎಲ್ಲಿಂದಾಚೆ ಹೊಂದುವುದಿಲ್ಲ ಎಂದು ಪರೀಕ್ಷಿಸಬಹುದೇ ಹೊರತು, ನಿಜ ಅಥವಾ ಸುಳ್ಳು ಎಂದು ಪೂರ್ತಿ ತೀರ್ಪು ಕೊಡಲು ಬರುವುದಿಲ್ಲ. ‘ಒಳಗಿದ್ದಾರೋ ಹೋಗಿಬಿಟ್ಟರೋ’ ಎಂಬ ಪ್ರಶ್ನೆಯನ್ನು ನಿಮ್ಮ ಮನೆಗೆ ತಂದದ್ದೇ ಈ ಹೋಲಿಕೆಗಳು ಎಂದು ನನ್ನ ಅಭಿಪ್ರಾಯ. ಡಿಸ್ಕಿನೊಳಗೆ ಡಾಟಾ, ಬಟ್ಟೆಯೊಳಗೆ ಮನುಷ್ಯ, ನೀರಿನೊಳಗೆ ಊರು. ಮೂರರಲ್ಲೂ ಒಂದು ಹೊರಗಿದೆ, ಒಂದು ಒಳಗಿದೆ, ಒಳಗೊಂದು ವಸ್ತು ಕೂತಿದೆ. ಹೀಗೆ ಇಟ್ಟುಕೊಂಡ ಮೇಲೆ ಆ ವಸ್ತು ಇದೆಯೋ ಇಲ್ಲವೋ ಎಂದು ಕೇಳದೆ ಇರಲಾಗುವುದಿಲ್ಲ. ಉತ್ತರಗಳು ಎರಡೇ, ಎರಡೂ ನಿಮ್ಮನ್ನು ಹಿಂಸಿಸುವಂಥವು. ಇಲ್ಲ ಎಂದರೆ ಅಪ್ಪ ಸತ್ತಂತೆ. ಇದ್ದಾರೆ ಎಂದರೆ ಸೆರೆಯಲ್ಲಿ ಇದ್ದಂತೆ.

ಇದರರ್ಥ ನಿಮ್ಮ ಸಂಕಟ ಬರೀ ಮಾತಿನಿಂದ ಆದದ್ದು ಎಂದಲ್ಲ. ಮಗನನ್ನು ತಂದೆ ಗುರುತಿಸದೆ ಇರುವುದು ಯಾವ ಭಾಷೆಯಲ್ಲಿ ಹೇಳಿದರೂ ನೋವೇ. ಆ ನೋವಿನ ಮೇಲೆ ಇನ್ನೊಂದು ಕಗ್ಗಂಟು ಬಿದ್ದಿದೆ. ಅದನ್ನು ಬಿಡಿಸಬಹುದು ಎಂದಷ್ಟೇ ನಾನು ಹೇಳುತ್ತಿರುವುದು.

ಹೋಲಿಕೆ ಮಾಡುವ ಕೆಲಸ ಏನು? ಕಾಣದ್ದನ್ನು ಕಂಡದ್ದರ ಮೂಲಕ ತೋರಿಸುವುದು. ಮನಸ್ಸು, ಕಾಲ, ನೆನಪು, ಆತ್ಮ ಇವನ್ನು ಯಾರೂ ಕೈಯಲ್ಲಿ ಹಿಡಿದು ನೋಡಿಲ್ಲ. ಹಾಗಾಗಿ ಇವುಗಳ ಬಗ್ಗೆ ಮಾತಾಡಬೇಕಾದರೆ ಹೋಲಿಕೆಯನ್ನು ಬಿಟ್ಟು ಬೇರೆ ದಾರಿ ಇಲ್ಲ. ತೊಂದರೆ ಎಲ್ಲಿ ಬರುತ್ತದೆ ಎಂದರೆ, ನಮಗೆ ಬೇಕಾದ ಒಂದು ಅಂಶಕ್ಕೆಂದು ಒಂದು ವಸ್ತುವನ್ನು ಹತ್ತಿರ ತಂದರೆ ಅದರ ಉಳಿದ ಅಂಶಗಳೂ ಹೇಳದೆ ಕೇಳದೆ ಜತೆಗೆ ಬಂದು ಕೂರುತ್ತವೆ. ಆಮೇಲೆ ಅವು ತಮ್ಮದೇ ಪ್ರಶ್ನೆಗಳನ್ನು ಎತ್ತುತ್ತವೆ.

ಇದನ್ನು ಶಂಕರಾಚಾರ್ಯರು ಬಹಳ ಸ್ಪಷ್ಟವಾಗಿ ಕಂಡಿದ್ದರು. ಅವರು ಭಾಷ್ಯ ಬರೆದ ಬ್ರಹ್ಮಸೂತ್ರದ ಮೂರನೇ ಅಧ್ಯಾಯದಲ್ಲಿ ನೀರಿನಲ್ಲಿ ಕಾಣುವ ಸೂರ್ಯನ ದೃಷ್ಟಾಂತ ಬರುತ್ತದೆ. ನೀರು ಅಲ್ಲಾಡಿದರೆ ಬಿಂಬವೂ ಅಲ್ಲಾಡುತ್ತದೆ, ಮೇಲಿರುವ ಸೂರ್ಯ ಅಲ್ಲಾಡುವುದಿಲ್ಲ. ಬ್ರಹ್ಮಕ್ಕೂ ಅದು ತೋರಿಬರುವ ದೇಹ ಮುಂತಾದ ಉಪಾಧಿಗಳಿಗೂ ಹಾಗೆಯೇ ಎನ್ನುವುದು ಅಲ್ಲಿನ ಮಾತು. ತಕ್ಷಣ ಪ್ರತಿವಾದಿ ಏಳುತ್ತಾನೆ: ಸೂರ್ಯನಿಗೆ ಆಕಾರವಿದೆ, ನೀರು ಅವನಿಂದ ದೂರದಲ್ಲಿ ಬೇರೆಯಾಗಿದೆ, ಆದ್ದರಿಂದ ಬಿಂಬ ಬೀಳುತ್ತದೆ, ಆಕಾರವೇ ಇಲ್ಲದ, ಎಲ್ಲೆಲ್ಲೂ ಇರುವ ಬ್ರಹ್ಮಕ್ಕೆ ಬಿಂಬ ಹೇಗೆ? ಶಂಕರರ ಉತ್ತರ ಇಷ್ಟು: ದೃಷ್ಟಾಂತದಲ್ಲಿ ಹೇಳಬೇಕೆಂದುಕೊಂಡ ಅಂಶ ಒಂದಿರುತ್ತದೆ. ಅದನ್ನು ಮೀರಿ ಎಲ್ಲ ರೀತಿಯಲ್ಲೂ ಸಾಮ್ಯವನ್ನು ಯಾರೂ ತೋರಿಸಲಾರರು. ಎಲ್ಲದರಲ್ಲೂ ಸಮವಾಗಿಬಿಟ್ಟರೆ ಅದು ದೃಷ್ಟಾಂತವೇ ಆಗುವುದಿಲ್ಲ. ಇಲ್ಲಿ ಹೇಳಬೇಕೆಂದುಕೊಂಡ ಅಂಶಕ್ಕೆ ವಿವಕ್ಷಿತ ಅಂಶ ಎಂದು ಹೆಸರು. ಈ ಉತ್ತರದುದ್ದಕ್ಕೂ ನಾನು ಬಳಸುವ ಒಂದೇ ಒಂದು ಉಪಕರಣ ಇದು: ಈ ಹೋಲಿಕೆಯನ್ನು ಯಾವ ಅಂಶಕ್ಕಾಗಿ ತಂದರು?

ಇಷ್ಟು ಎಚ್ಚರ ಇದ್ದವರ ಪರಂಪರೆಯಲ್ಲೂ ಹೋಲಿಕೆ ತನ್ನ ಕೆಲಸ ಮಾಡಿತು. ಹಗ್ಗ-ಹಾವಿನ ದೃಷ್ಟಾಂತ ನಿಮಗೆ ಗೊತ್ತೇ ಇದೆ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುತ್ತದೆ, ಬೆಳಕು ಬಂದರೆ ಹಾವು ಇರಲೇ ಇಲ್ಲ ಎಂದು ತಿಳಿಯುತ್ತದೆ. ಜಗತ್ತು ಹಾವಿನ ಸ್ಥಾನದಲ್ಲಿ, ಬ್ರಹ್ಮ ಹಗ್ಗದ ಸ್ಥಾನದಲ್ಲಿ. ನಾನು ಪಾಠ ಮಾಡುವಾಗ ಇಲ್ಲಿಗೆ ಬಂದ ಕೂಡಲೇ ಯಾರಾದರೊಬ್ಬ ವಿದ್ಯಾರ್ಥಿ ಕೈ ಎತ್ತುತ್ತಿದ್ದ: ‘ಸಾರ್, ಹಾವು ಕಂಡದ್ದು ಯಾರಿಗೆ?’ ಅದೇ ಸರಿಯಾದ ಪ್ರಶ್ನೆ. ಹಗ್ಗಕ್ಕೆ ಹಾವಿನ ಭ್ರಮೆ ಆಗುವುದಿಲ್ಲ, ದಾರಿಯಲ್ಲಿ ಹೋಗುವವನಿಗೆ ಆಗುತ್ತದೆ. ದೃಷ್ಟಾಂತದಲ್ಲಿ ಹಗ್ಗ, ಹಾವು, ನೋಡುವವ ಎಂದು ಮೂರಿವೆ. ಶಂಕರರ ಅದ್ವೈತದಲ್ಲಿ ಇರುವುದು ಬ್ರಹ್ಮ ಒಂದೇ. ಹಾಗಾದರೆ ಅವಿದ್ಯೆ, ಅಂದರೆ ಈ ಭ್ರಮೆಗೆ ಕಾರಣವಾದ ಅಜ್ಞಾನ, ಯಾರದು? ಜೀವನದ್ದು, ಅಂದರೆ ಒಬ್ಬೊಬ್ಬ ಜೀವಾತ್ಮನದ್ದು, ಎಂದರು ಅದ್ವೈತದ ವ್ಯಾಖ್ಯಾನಕಾರ ವಾಚಸ್ಪತಿ ಮಿಶ್ರರು. ಆದರೆ ಜೀವನೇ ಅವಿದ್ಯೆಯಿಂದ ಆದವನಲ್ಲವೇ? ಬ್ರಹ್ಮದ್ದೇ ಎಂದರು ವಿವರಣ ಎಂಬ ಇನ್ನೊಂದು ಅದ್ವೈತ ಪರಂಪರೆಯವರು. ಜ್ಞಾನವೇ ಸ್ವರೂಪವಾದದ್ದಕ್ಕೆ ಅಜ್ಞಾನ ಹೇಗೆ? ಅದ್ವೈತವನ್ನು ಒಪ್ಪದ ರಾಮಾನುಜರು ಶ್ರೀಭಾಷ್ಯದಲ್ಲಿ ಹಿಡಿದದ್ದು ಇದನ್ನೇ: ಅವಿದ್ಯೆಗೆ ಆಶ್ರಯವೇ ಸಿಗುವುದಿಲ್ಲ. ಸ್ವತಃ ಶಂಕರರು ಗೀತೆಯ 13ನೇ ಅಧ್ಯಾಯದ ಭಾಷ್ಯದಲ್ಲಿ ಈ ಪ್ರಶ್ನೆಯನ್ನು ಎದುರಿಸಿ, ಅವಿದ್ಯೆ ಯಾರಿಗೆ ಕಾಣುತ್ತದೋ ಅವರದು, ಅದು ಯಾರಿಗೆ ಕಾಣುತ್ತದೆ ಎಂದು ಮತ್ತೆ ಕೇಳುವುದು ನಿರರ್ಥಕ ಎಂದುಬಿಡುತ್ತಾರೆ. ನಮ್ಮ ಮಲೆನಾಡಿನ ಶೃಂಗೇರಿಯೂ ಸೇರಿದಂತೆ ಎಷ್ಟೋ ವಿದ್ವತ್ಸಭೆಗಳಲ್ಲಿ ಈ ಚರ್ಚೆ ಶತಮಾನಗಳ ಕಾಲ ನಡೆದಿದೆ. ಅದು ವ್ಯರ್ಥ ಎಂದು ನಾನು ಎಂದೂ ಹೇಳುವುದಿಲ್ಲ. ದೃಷ್ಟಾಂತ ಎಲ್ಲಿ ಮುರಿಯಿತೋ ಅಲ್ಲಿಯೇ ಸಿದ್ಧಾಂತ ಇನ್ನೂ ಏನು ಹೇಳಬೇಕಾಗಿದೆ ಎಂಬುದು ಹೊರಗೆ ಬಂತು. ಆದರೆ ಆ ಪ್ರಶ್ನೆಯ ಒಂದು ಪಾಲು ಜಗತ್ತಿನಿಂದ ಬಂದದ್ದು, ಇನ್ನೊಂದು ಪಾಲು ಹಗ್ಗದಿಂದ ಬಂದದ್ದು. ಎರಡನ್ನೂ ಬೇರೆ ಮಾಡುವುದೇ ತತ್ವಶಾಸ್ತ್ರದ ಕಷ್ಟದ ಕೆಲಸ.

ಪಶ್ಚಿಮದಲ್ಲಿ ಇದನ್ನೇ ತನ್ನ ಮುಖ್ಯ ಕೆಲಸ ಮಾಡಿಕೊಂಡವನು ತತ್ವಜ್ಞಾನಿ ವಿಟ್ಗೆನ್‌ಸ್ಟೈನ್. ಒಂದು ಚಿತ್ರ ನಮ್ಮನ್ನು ಸೆರೆಹಿಡಿದಿತ್ತು, ಅದು ನಮ್ಮ ಭಾಷೆಯಲ್ಲೇ ಇದ್ದದ್ದರಿಂದ ಹೊರಗೆ ಬರಲಾಗಲಿಲ್ಲ ಎಂಬ ಅರ್ಥದ ಅವನ ಮಾತು 1953ರಲ್ಲಿ, ಅವನು ತೀರಿಕೊಂಡ ಮೇಲೆ, ಅಚ್ಚಾಯಿತು. ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು.

ಈಗ ನೆನಪಿನ ವಿಷಯಕ್ಕೆ ಬರೋಣ. ನೆನಪಿಗೆ ಹೋಲಿಕೆ ಹುಡುಕುವುದು ಡಾಕ್ಟರು ಶುರು ಮಾಡಿದ್ದಲ್ಲ. ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಪ್ಲೇಟೋ ತನ್ನ ಸಂವಾದವೊಂದರಲ್ಲಿ ಸಾಕ್ರೆಟಿಸನ ಬಾಯಲ್ಲಿ ಹೇಳಿಸಿದ್ದು ಮೇಣದ ಹೋಲಿಕೆ. ಆತ್ಮದಲ್ಲಿ ಮೇಣದ ಮುದ್ದೆಯೊಂದಿದೆ, ಕಂಡದ್ದು ಕೇಳಿದ್ದು ಅದರ ಮೇಲೆ ಮುದ್ರೆ ಒತ್ತುತ್ತದೆ, ಮುದ್ರೆ ಅಳಿಸಿದರೆ ಮರೆವು. ಆದರೆ ಏಳು ಮತ್ತು ಐದು ಕೂಡಿದರೆ ಹನ್ನೊಂದು ಎಂದು ಒಬ್ಬ ತಪ್ಪು ಮಾಡುತ್ತಾನಲ್ಲ, ಅದನ್ನು ಮೇಣದಿಂದ ವಿವರಿಸಲು ಆಗಲಿಲ್ಲ. ಆಗ ಸಾಕ್ರೆಟಿಸ್ ಮೇಣವನ್ನು ಪಕ್ಕಕ್ಕಿಟ್ಟು ಹಕ್ಕಿಗಳ ಪಂಜರವನ್ನು ತರುತ್ತಾನೆ: ತಿಳಿವಳಿಕೆಗಳು ಒಳಗೆ ಹಾರಾಡುವ ಹಕ್ಕಿಗಳು, ಕೈ ಹಾಕಿದಾಗ ಹನ್ನೆರಡರ ಬದಲು ಹನ್ನೊಂದು ಸಿಕ್ಕಿಬಿಡಬಹುದು. ಅದೂ ಸಾಲದಾಯಿತು. ಒಂದು ಹೋಲಿಕೆ ಕೈಕೊಟ್ಟಾಗ ಅದಕ್ಕೇ ಜೋತುಬೀಳದೆ ಬಿಟ್ಟು ಮುಂದೆ ಹೋದದ್ದು ನನಗೆ ಆ ಭಾಗದಲ್ಲಿ ಬಹಳ ಇಷ್ಟವಾಗುವ ಸಂಗತಿ. ಮುಂದೆ ಕ್ರೈಸ್ತ ಚಿಂತಕ ಅಗಸ್ಟೀನ್ ನೆನಪಿನ ವಿಶಾಲ ಅರಮನೆಗಳ ಮಾತಾಡಿದ. ಈಗ ಅದೇ ಜಾಗಕ್ಕೆ ಹಾರ್ಡ್ ಡಿಸ್ಕ್ ಬಂದಿದೆ. ಪ್ರತಿ ಕಾಲವೂ ತನ್ನ ಕೈಗೆ ಸಿಕ್ಕ ಹೊಸ ಉಪಕರಣವನ್ನೇ ಮನಸ್ಸಿಗೆ ಹೋಲಿಸಿದೆ.

ಇವುಗಳೆಲ್ಲ ಸೇರಿ ಹೇಳುವುದು ಒಂದೇ: ನೆನಪೆಂದರೆ ಎಲ್ಲೋ ಇಟ್ಟ ವಸ್ತು. ಇಟ್ಟದ್ದು ಎಂದ ಕೂಡಲೇ ಎಲ್ಲಿ ಇಟ್ಟದ್ದು, ಹುಡುಕಿ ತೆಗೆಯುವವರು ಯಾರು, ಸಿಗದಿದ್ದರೆ ಕಳೆದಿದೆಯೋ ಮುಚ್ಚಿದೆಯೋ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಹುಡುಕುವವನೊಬ್ಬ ಒಳಗಿದ್ದರೆ, ತಾನು ಏನು ಹುಡುಕುತ್ತಿದ್ದೇನೆ ಎಂದು ಅವನಿಗೆ ನೆನಪಿರಬೇಕಲ್ಲ. ಹಾಗಾದರೆ ಅವನ ನೆನಪು ಎಲ್ಲಿದೆ? ಹೀಗೆ ಒಳಗೊಬ್ಬ, ಅವನೊಳಗೊಬ್ಬ ಎಂದು ಕೊನೆಯೇ ಇಲ್ಲದೆ ಹೋಗಬೇಕಾಗುತ್ತದೆ.

ಪ್ರಯೋಗಗಳು ತೋರಿಸಿರುವುದು ಬೇರೆ. 1932ರಲ್ಲಿ ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಬಾರ್ಟ್ಲೆಟ್ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಓದಿದ ಜನ ಮತ್ತೆ ಹೇಳುವಾಗ ಅದನ್ನು ತಮಗೆ ಪರಿಚಿತವಾದ ರೂಪಕ್ಕೆ ಬದಲಿಸಿಕೊಂಡು ಹೇಳಿದರು, ಅದೂ ಬದಲಿಸಿದ್ದೇವೆ ಎಂಬ ಅರಿವಿಲ್ಲದೆ. ನೆನೆಯುವುದು ಎಂದರೆ ಪ್ರತಿ ಸಲವೂ ಹೊಸದಾಗಿ ಕಟ್ಟುವ ಕೆಲಸ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು. ಎರಡನೆಯದು ಎಚ್.ಎಂ. ಎಂದೇ ವೈದ್ಯಲೋಕದಲ್ಲಿ ಹೆಸರಾದ ಅಮೆರಿಕದ ರೋಗಿ ಹೆನ್ರಿ ಮೊಲೈಸನ್. ಮೂರ್ಛೆರೋಗಕ್ಕೆಂದು 1953ರಲ್ಲಿ ಆತನ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಮಟ್ಟಿಗೆ ತೆಗೆದರು. ಅಲ್ಲಿಂದಾಚೆಗೆ ಹೊಸ ಘಟನೆ ಯಾವುದೂ ಆತನಿಗೆ ನೆನಪು ನಿಲ್ಲಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತ ಚಿತ್ರದ ಗೆರೆ ಎಳೆಯುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು. ತಾನು ಇದನ್ನು ಹಿಂದೆ ಮಾಡಿದ್ದೇನೆ ಎಂಬುದು ಮಾತ್ರ ಆತನಿಗೆ ಗೊತ್ತಿರಲಿಲ್ಲ. ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ಒಂದೇ ಜಾಗದ ಒಂದೇ ಕೆಲಸವಲ್ಲ ಎಂದು ಇದರಿಂದ ಗಟ್ಟಿಯಾಯಿತು.

ನಿಮ್ಮ ತಂದೆಯ ಕೈ ಮೆಟ್ಟುಗತ್ತಿಯನ್ನು ಮರೆತಿಲ್ಲ, ಗಂಟಲು ಪದವನ್ನು ಮರೆತಿಲ್ಲ. ಅಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಹೋಗುವುದು ಇತ್ತೀಚಿನ ಘಟನೆಗಳ ನೆನಪು. ಹಳೆಯವು, ಅದರಲ್ಲೂ ಅಭ್ಯಾಸದಿಂದ ಕೈಗೆ ಬಾಯಿಗೆ ಕೂತವು, ಹೆಚ್ಚು ಕಾಲ ಉಳಿಯುತ್ತವೆ. ನಮ್ಮ ಹಳೆಯ ಶಾಸ್ತ್ರಗಳಲ್ಲಿ ಇದಕ್ಕೆ ಒಪ್ಪುವ ಇನ್ನೊಂದು ಹೋಲಿಕೆ ಇದೆ, ವಾಸನೆಯದು. ಹೂವಿನ ಜತೆ ಇಟ್ಟ ಎಳ್ಳಿಗೆ ಪರಿಮಳ ಹಿಡಿದ ಹಾಗೆ ಮಾಡಿದ ಕೆಲಸ ಮಾಡಿದವನಲ್ಲಿ ಹಿಡಿಯುತ್ತದೆ. ಪರಿಮಳ ಎಳ್ಳಿನ ಯಾವ ಮೂಲೆಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಡಿಸ್ಕಿನ ಬದಲು ಇದನ್ನು ಇಟ್ಟುಕೊಂಡಿದ್ದರೆ ನಿಮ್ಮ ಮನೆಯಲ್ಲಿ ಎದ್ದ ಪ್ರಶ್ನೆಯೇ ಬೇರೆಯಾಗಿರುತ್ತಿತ್ತು.

ಇನ್ನು ಮೂವರ ಮಾತನ್ನೂ ಒಂದೊಂದಾಗಿ ನೋಡೋಣ. ಡಾಕ್ಟರು ಹಾರ್ಡ್ ಡಿಸ್ಕ್ ಎಂದದ್ದು ಯಾವ ಅಂಶಕ್ಕಾಗಿ? ಇದು ದೇಹದ ಹಾನಿ, ಮುದುಕರ ಹಠವಲ್ಲ, ಬೈದರೆ ಸರಿಹೋಗುವುದಿಲ್ಲ ಎಂದು ತಿಳಿಸುವುದಕ್ಕೆ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಹೋಲಿಕೆ, ಎಷ್ಟೋ ಮನೆಗಳಲ್ಲಿ ಮುದುಕರ ಮೇಲೆ ರೇಗುವುದನ್ನು ತಪ್ಪಿಸಿದೆ. ಆದರೆ ಡಾಟಾ ಹೋದ ಡಿಸ್ಕನ್ನು ನಾವು ಗುಜರಿಗೆ ಹಾಕುತ್ತೇವೆ. ಅಕ್ಕನ ಮನಸ್ಸಿಗೆ ಹೊಕ್ಕದ್ದು ಆ ಅಂಶ. ಅದನ್ನು ಡಾಕ್ಟರು ಹೇಳಿರಲಿಲ್ಲ.

ಅಕ್ಕನ ಮಾತಿನ ಹಿಂದೆ ಒಂದು ಹಳೆಯ ವಾದವೇ ಇದೆ, ಅವರಿಗೆ ಅದು ಗೊತ್ತಿಲ್ಲದಿರಬಹುದು. 1694ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ತನ್ನ ಗ್ರಂಥದ ಎರಡನೇ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ, ಅಂದಿನ ವ್ಯಕ್ತಿಯೂ ಇಂದಿನ ವ್ಯಕ್ತಿಯೂ ಒಂದೇ ಆಗುವುದು ಅಂದಿನದರ ಅರಿವು ಇಂದಿಗೂ ಮುಂದುವರಿದಷ್ಟು ದೂರ ಎಂದ. 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಇದಕ್ಕೆ ಉತ್ತರ ಕೊಟ್ಟ. ಒಬ್ಬ ಹುಡುಗ ಹಣ್ಣಿನ ತೋಟದಲ್ಲಿ ಕದ್ದು ಶಾಲೆಯಲ್ಲಿ ಏಟು ತಿಂದ. ಅವನೇ ಮುಂದೆ ಸೇನೆ ಸೇರಿ ಶತ್ರುವಿನ ಧ್ವಜ ಕಿತ್ತುತಂದ, ಆಗ ಅವನಿಗೆ ಆ ಏಟು ನೆನಪಿತ್ತು. ಮುಪ್ಪಿನಲ್ಲಿ ಸೇನಾಪತಿಯಾದಾಗ ಧ್ವಜ ನೆನಪಿದೆ, ಏಟು ಮರೆತಿದೆ. ಲಾಕ್ ಹೇಳಿದಂತೆ ಸೇನಾಪತಿ ಮತ್ತು ಸೈನಿಕ ಒಬ್ಬನೇ, ಸೈನಿಕ ಮತ್ತು ಹುಡುಗ ಒಬ್ಬನೇ, ಆದರೆ ಸೇನಾಪತಿ ಮತ್ತು ಹುಡುಗ ಬೇರೆ ಬೇರೆ. ಇದು ಹೊಂದುವುದಿಲ್ಲ. ನೆನಪೊಂದನ್ನೇ ಆಧಾರ ಮಾಡಿಕೊಂಡು ವ್ಯಕ್ತಿಯನ್ನು ಅಳೆಯಲು ಹೊರಟರೆ ನಾವು ಯಾರೂ ನಮ್ಮ ತೊಟ್ಟಿಲಿನ ಮಗು ಆಗಿರಲಿಲ್ಲ ಎಂದಾಗುತ್ತದೆ. ಅಕ್ಕನಿಗೆ ಇದನ್ನು ವಾದ ಮಾಡಿ ಹೇಳಬೇಡಿ. ಅವರು ದೂರ ಇರುವುದು ತಂದೆಯ ಮೇಲಿನ ಅಸಡ್ಡೆಯಿಂದ ಅಲ್ಲದಿರಬಹುದು, ನೋಡಲಾರದೆಯೂ ಇರಬಹುದು. ಆದರೆ ‘ಅಪ್ಪ ಇಲ್ಲ’ ಎಂಬುದು ವೈದ್ಯವಿಜ್ಞಾನ ಕೊಟ್ಟ ತೀರ್ಪಲ್ಲ ಎಂಬಷ್ಟನ್ನು ಅವರಿಗೆ ತಿಳಿಸಿ.

ಚಿಕ್ಕಪ್ಪ ಹೇಳುವುದು ಗೀತೆಯ ಎರಡನೇ ಅಧ್ಯಾಯದ 22ನೇ ಶ್ಲೋಕ. ಹಳೇ ಬಟ್ಟೆ ಬಿಟ್ಟು ಹೊಸದನ್ನು ಉಡುವ ಹಾಗೆ ದೇಹಿ ಹಳೇ ದೇಹ ಬಿಟ್ಟು ಹೊಸದಕ್ಕೆ ಹೋಗುತ್ತಾನೆ. ಅದನ್ನು ಹೇಳಿದ್ದು ಸಾವಿನ ಭಯಕ್ಕೆ, ಯುದ್ಧಭೂಮಿಯಲ್ಲಿ ಕೈಚೆಲ್ಲಿ ಕೂತವನಿಗೆ. ಬಟ್ಟೆ ಹರಿದಿರುವಾಗಲೂ ಒಳಗಿನವನು ಎಲ್ಲವನ್ನೂ ಕೇಳಿಸಿಕೊಂಡು ನೆನಪಿಟ್ಟುಕೊಂಡು ಸುಮ್ಮನೆ ಕೂತಿದ್ದಾನೆ ಎಂದು ಆ ಶ್ಲೋಕ ಹೇಳುವುದಿಲ್ಲ. ಅದ್ವೈತದಲ್ಲಿ ನೆನಪು ಅಂತಃಕರಣದ, ಅಂದರೆ ಮನಸ್ಸಿನ, ಕೆಲಸ, ಆತ್ಮದ್ದಲ್ಲ. ನ್ಯಾಯ-ವೈಶೇಷಿಕ ದರ್ಶನದವರು ನೆನಪಿನ ಸಂಸ್ಕಾರವನ್ನು, ಅಂದರೆ ಅನುಭವ ಬಿಟ್ಟುಹೋಗುವ ಅಚ್ಚನ್ನು, ಆತ್ಮದ ಗುಣ ಎಂದು ಒಪ್ಪಿದರೂ, ನೆನಪಾಗಬೇಕಾದರೆ ಮನಸ್ಸಿನ ಸಂಯೋಗ ಬೇಕೇ ಬೇಕು ಎಂದರು. ಚಿಕ್ಕಪ್ಪನ ನಂಬಿಕೆಯನ್ನು ನಾನು ಅಲುಗಿಸಲು ಹೊರಟಿಲ್ಲ. ಆತ್ಮ ಇದೆ ಎಂದು ನಂಬುವವರು ನಂಬಲಿ, ಅದರಿಂದ ಅವರು ನಿಮ್ಮ ತಂದೆಯನ್ನು ಗೌರವದಿಂದ ಮಾತಾಡಿಸುತ್ತಾರೆ. ‘ಒಳಗಿನವನಿಗೆ ಎಲ್ಲ ಗೊತ್ತು’ ಎಂಬ ಭಾಗ ಮಾತ್ರ ಅಪಾಯದ್ದು. ಅದನ್ನು ನಂಬಿದ ಮನೆಗಳಲ್ಲಿ ಏನಾಗುತ್ತದೆ ಎಂದು ನೋಡಿದ್ದೇನೆ. ಬಂದವರೆಲ್ಲ ‘ನಾನ್ಯಾರು ಹೇಳಿ ನೋಡಣ’ ಎಂದು ಪರೀಕ್ಷೆ ಮಾಡುತ್ತಾರೆ, ಬಾಗಿಲು ತಟ್ಟುತ್ತಲೇ ಇದ್ದರೆ ಒಳಗಿನವನು ತೆರೆಯುತ್ತಾನೆ ಎಂಬ ಹಾಗೆ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವವರಿಗೆ ಅದು ನಾಚಿಕೆ, ಗಾಬರಿ. ಹೋದ ಕೂಡಲೇ ‘ನಾನು ನಿಮ್ಮ ಮಗ’ ಎಂದು ನೀವೇ ಹೇಳಿಕೊಂಡು ಕೂರುವುದು ವಾಸಿ.

ಕೊನೆಯದು ನಿಮ್ಮದೇ ಹೋಲಿಕೆ, ಮುಳುಗಡೆ. ಮೂರರಲ್ಲಿ ನನಗೆ ಬಹಳ ಹತ್ತಿರವಾದದ್ದು ಇದು, ಅದಕ್ಕೇ ಹೆಚ್ಚು ಹೆದರಿಕೆ ಆದದ್ದೂ ಇದರ ಬಗ್ಗೆಯೇ. ನಿಮ್ಮ ಕುಟುಂಬಕ್ಕೆ ಮುಳುಗಡೆ ಕಟ್ಟುಕಥೆಯಲ್ಲ, ಅನುಭವಿಸಿದ ಸತ್ಯ. ಅಂಥ ಹೋಲಿಕೆಯನ್ನು ಯಾರೂ ಪರೀಕ್ಷೆಗೆ ಒಡ್ಡುವುದಿಲ್ಲ. 1948ರ ಹೊತ್ತಿಗೆ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟು, ಅಂದರೆ ನೀವು ಹೇಳುವ ಮಡೆನೂರಿನದು, ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಕಲ್ಲಿಗೆ ಕಲ್ಲು ಹಾಗೇ ಕಾಣಿಸಿಕೊಳ್ಳುತ್ತದೆ. ಕಲ್ಲನ್ನು ನೀರು ಮುಚ್ಚಿತ್ತೇ ಹೊರತು ತಿಂದುಹಾಕಿರಲಿಲ್ಲ. ಅಲ್ಝೈಮರ್ ಹಾಗಲ್ಲ. ಅದರಲ್ಲಿ ಮಿದುಳಿನ ಕೋಶಗಳೂ ಅವುಗಳ ನಡುವಿನ ಸಂಪರ್ಕಗ‌ಳೂ ನಾಶವಾಗುತ್ತ ಹೋಗುತ್ತವೆ. ಕೆಳಗೆ ಇದ್ದ ಹಾಗೇ ಇದೆ ಎಂಬ ಅಂಶ ಹೊಂದುವುದಿಲ್ಲ. ನಿಮಗೆ ಇದನ್ನು ಹೇಳಲು ಕಷ್ಟವಾಗುತ್ತದೆ, ಆದರೆ ಹೇಳದೆ ಇದ್ದರೆ ಪ್ರತಿ ಬೇಸಿಗೆಯೂ ನೀವು ಕಾಯುತ್ತ ಕೂರುತ್ತೀರಿ.

ಹೊಂದುವ ಅಂಶವೂ ಒಂದಿದೆ. ದಿನ ದಿನಕ್ಕೆ ಏರುಪೇರು ಇರುವುದು ನಿಜ. ನಿದ್ದೆ ಸರಿಯಾದ ದಿನ, ನೋವಿಲ್ಲದ ದಿನ, ಗಲಾಟೆಯಿಲ್ಲದ ಬೆಳಿಗ್ಗೆ, ಇಂಥ ಹೊತ್ತಿನಲ್ಲಿ ಅವರು ಚುರುಕಾಗಿರಬಹುದು, ಹೆಸರು ಹಿಡಿದು ಕರೆದೂಬಿಡಬಹುದು. ಇದಕ್ಕೆ ವಿರುದ್ಧವಾಗಿ, ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಹೆಚ್ಚಾದರೆ ಅದನ್ನು ಮರೆವು ಬೆಳೆಯಿತು ಎಂದು ಬಿಟ್ಟುಬಿಡಬೇಡಿ. ಮೂತ್ರದ ಸೋಂಕು, ನೀರು ಕಡಿಮೆ ಕುಡಿದದ್ದು, ಮಲಬದ್ಧತೆ, ಹೊಸ ಮಾತ್ರೆ ಇವುಗಳಿಂದ ಹಾಗಾಗುತ್ತದೆ, ಚಿಕಿತ್ಸೆಯಿಂದ ಸುಧಾರಿಸುತ್ತದೆ. ‘ಡಾಟಾ ಹೋಗಿದೆ’ ಎಂದು ಕೈಬಿಟ್ಟವರ ಕಣ್ಣಿಗೆ ಇದು ಬೀಳುವುದಿಲ್ಲ.

ಹಿನ್ನೀರಿಗೆ ಹೋಗುವ ವಿಚಾರ. ನೆನಪು ತರಿಸುವ ಚಿಕಿತ್ಸೆ ಎಂದು ಹೋಗುವುದಾದರೆ ಬೇಡ. ಅವರು ಹಳೇ ಜಾಗವನ್ನು ಗುರುತಿಸದೆ ಹೋದರೆ ನಿಮಗೆ ಎರಡನೇ ಸಲ ಮುಳುಗಡೆಯಾದಂತೆ. ಗುರುತಿಸಿದರೂ, ಮನೆ ತೋಟ ಏನೂ ಇಲ್ಲದ ಬಯಲನ್ನು ನೋಡಿ ಅವರಿಗೆ ಆ ಸಂಕಟ ಹೊಸದಾಗಿ ಎದುರಾಗಬಹುದು. ಮರುದಿನ ಕಾರಣ ಮರೆತು ಕಳವಳ ಮಾತ್ರ ಉಳಿಯಬಹುದು. ಮೇ ತಿಂಗಳ ಬಿಸಿಲು, ಕಾಲು ಹೂತುಹೋಗುವ ಕೆಸರು, ಪರಿಚಯವಿಲ್ಲದ ಜಾಗ ಎಲ್ಲ 82ರ ಮನುಷ್ಯರಿಗೆ ಸಣ್ಣ ವಿಷಯವಲ್ಲ. ಒಟ್ಟಿಗೆ ಒಂದು ಬೆಳಿಗ್ಗೆ ಕಳೆಯಬೇಕು ಎಂಬ ಆಸೆಯಿಂದ, ಏನನ್ನೂ ನಿರೀಕ್ಷಿಸದೆ, ರಸ್ತೆ ಹೋಗುವಷ್ಟು ದೂರ ಹೋಗಿ ಗಾಡಿಯಲ್ಲೇ ಕೂತು ನೀರು ನೋಡಿ ಬಿಸಿಲೇರುವ ಮೊದಲು ವಾಪಸು ಬರುವುದಾದರೆ ಹೋಗಬಹುದು. ಅವರು ಬೇಡ ಎಂದ ಕೂಡಲೇ ತಿರುಗಿಸಲು ನೀವು ಸಿದ್ಧರಿರಬೇಕು.

ಸಂಜೆಯ ‘ಮನೆಗೆ ಹೋಗಣ’ ಎಂಬುದನ್ನೂ ನೀವು ಮುಳುಗಿದ ಮನೆಯ ವಿಳಾಸ ಎಂದೇ ಓದುತ್ತಿದ್ದೀರಿ. ಆ ಅರ್ಥವೂ ಅದರಲ್ಲಿರಬಹುದು. ಆದರೆ ಒಂದೇ ಮನೆಯಲ್ಲಿ ಹುಟ್ಟಿ ಅದೇ ಮನೆಯಲ್ಲಿ ಮುಪ್ಪಾದವರೂ ಈ ಕಾಯಿಲೆಯಲ್ಲಿ ಸಂಜೆ ಇದೇ ಮಾತು ಹೇಳುತ್ತಾರೆ. ಕತ್ತಲಾಗುವಾಗ ಹೆಚ್ಚುವ ದಿಗಿಲು, ದಣಿವು, ಹಸಿವು ಇದರ ಹಿಂದೆ ಇರಬಹುದು. ‘ಇದೇ ನಿಮ್ಮ ಮನೆ’ ಎಂದು ವಾದ ಮಾಡಿದರೆ ದಿಗಿಲು ಹೆಚ್ಚುತ್ತದೆ. ಹೊತ್ತು ಮುಳುಗುವ ಮುಂಚೆ ದೀಪ ಹಾಕಿ, ತಿನ್ನಲು ಏನಾದರೂ ಕೊಟ್ಟು, ಕೈ ಹಿಡಿದು ಅಂಗಳದಲ್ಲಿ ಒಂದು ಸುತ್ತು ಹಾಕಿ, ಒಂದು ಪದ ಎತ್ತಿಕೊಡಿ. ಮೆಟ್ಟುಗತ್ತಿಯ ಮುಂದೆ ಕೂರಿಸುವಾಗ ಮಾತ್ರ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಕೈಯ ಅಭ್ಯಾಸ ಉಳಿದಿದ್ದರೂ ಅಪಾಯದ ಅಂದಾಜು ಉಳಿದಿರುತ್ತದೆ ಎನ್ನಲಾಗದು.

ಔಷಧಿಯ ಮಾತು ಆಡುತ್ತಿರುವವರ ಬಗ್ಗೆ ಉದ್ದ ಹೇಳುವುದಿಲ್ಲ. ಅಲ್ಝೈಮರ್‌ನಲ್ಲಿ ಹೋದ ನೆನಪನ್ನು ವಾಪಸು ತರುವ ಔಷಧಿ ಇಂದು ಯಾವ ಪದ್ಧತಿಯಲ್ಲೂ ಸಾಬೀತಾಗಿಲ್ಲ. ಲಕ್ಷಣಗಳನ್ನು ಸ್ವಲ್ಪ ಕಾಲ ಸ್ವಲ್ಪ ಮಟ್ಟಿಗೆ ಹಿಡಿದಿಡುವ ಮಾತ್ರೆಗಳಿವೆ, ಅವನ್ನು ವೈದ್ಯರೇ ಬರೆಯಬೇಕು. ದುಡ್ಡು ಕೊಡಬೇಡಿ.

ಹಾಗಾದರೆ ಹೋಲಿಕೆಗಳನ್ನೆಲ್ಲ ಬಿಟ್ಟುಬಿಡಬೇಕೇ? ಆಗುವುದಿಲ್ಲ. ಮಿದುಳಿನ ವಿಜ್ಞಾನಿಗಳೂ ಸಂಗ್ರಹ, ಜಾಡು ಎಂದೇ ಮಾತಾಡುತ್ತಾರೆ. ಒಂದನ್ನೇ ಗಟ್ಟಿಯಾಗಿ ಹಿಡಿದರೆ ಏನಾಗುತ್ತದೆ ಎಂದು ನಿಮ್ಮ ಮನೆಯಲ್ಲೇ ಕಂಡಿದ್ದೀರಿ. ನಾನು ಹೇಳುವ ದಾರಿ ಬೇರೆ: ನೆನಪು ಎಲ್ಲಿದೆ ಎಂದು ಕೇಳುವ ಬದಲು, ಯಾವ ಹೊತ್ತಿನಲ್ಲಿ, ಯಾರ ಜತೆ, ಏನನ್ನು ಅವರು ಇನ್ನೂ ಮಾಡಬಲ್ಲರು, ಯಾವುದರಿಂದ ಅವರಿಗೆ ನೆಮ್ಮದಿ ಎಂದು ಕೇಳಿ. ಇದಕ್ಕೆ ನೋಡಿ ತಿಳಿದುಕೊಳ್ಳಬಹುದಾದ ಉತ್ತರ ಇದೆ. ಇದರಲ್ಲೂ ಒಂದು ಅಪಾಯ ಇದೆ, ಮುಚ್ಚಿಡುವುದಿಲ್ಲ. ಪದ ಹಾಡಬಲ್ಲರು, ಆದ್ದರಿಂದ ಅವರು ಅಪ್ಪ ಎಂದು ನೀವು ಅಂದುಕೊಂಡರೆ, ಪದವೂ ಬಾರದ ದಿನ ಬಂದೇ ಬರುತ್ತದೆ. ಅಂದು ನೀವೂ ಅಕ್ಕ ಇರುವಲ್ಲಿಗೇ ಹೋಗಿ ನಿಲ್ಲುತ್ತೀರಿ. ತಂದೆತನ ಅವರ ತಲೆಯೊಳಗೆ ಇಟ್ಟ ವಸ್ತುವಲ್ಲ. ಅದು ನಿಮ್ಮಿಬ್ಬರ ನಡುವೆ ನಡೆದುಹೋದ, ಈಗಲೂ ನಡೆಯುತ್ತಿರುವ ಸಂಬಂಧ. ಅವರು ನಿಮ್ಮನ್ನು ಹೆತ್ತು ಸಾಕಿದ್ದು ನಡೆದ ಸಂಗತಿ, ಅವರಿಗೆ ಮರೆತರೂ ಅದು ನಡೆಯಲಿಲ್ಲ ಎಂದಾಗುವುದಿಲ್ಲ. ನಿಮ್ಮನ್ನು ಮಾರಾಯ ಎಂದು ಕರೆಯುವವರು ನಿಮ್ಮ ಅಪ್ಪನೇ. ಒಳಗೋ ಹೊರಗೋ ಎಂದು ಯಾರೂ ತೀರ್ಮಾನ ಕೊಡಬೇಕಾಗಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ‘ಡಾಟಾ ಪೂರ್ತಿ ಹೋಗಿದೆಯಾ’ ಎಂದು ಕೇಳಬೇಡಿ. ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಆಗಿದೆಯೇ, ಇವೆರಡರ ಕೊರತೆಯಿಂದ ಮರೆವು ಹೆಚ್ಚುತ್ತಿಲ್ಲ ತಾನೇ ಎಂದು ಕೇಳಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ, ಮಂಪರು ಗೊಂದಲ ತರುವವು ಅದರಲ್ಲಿವೆಯೇ ಎಂದು ತೋರಿಸಿ. ಕಿವಿ, ಕಣ್ಣು ಪರೀಕ್ಷೆ ಮಾಡಿಸಿ, ಎಷ್ಟೋ ಸಲ ಗುರುತು ಹತ್ತದೆ ಇರುವುದರಲ್ಲಿ ಇವುಗಳ ಪಾಲೂ ಇರುತ್ತದೆ. ಖಿನ್ನತೆ ಇದೆಯೇ, ಸಂಜೆಯ ಚಡಪಡಿಕೆಗೆ ಏನು ಮಾಡಬಹುದು ಎಂದು ವಿಚಾರಿಸಿ. ಅವರು ಮತ್ತೆ ಯಾವುದಾದರೂ ಹೋಲಿಕೆ ಹೇಳಿದರೆ, ‘ಡಾಕ್ಟ್ರೇ, ಹಾಗಾದರೆ ಮನೆಯಲ್ಲಿ ನಾವು ಏನು ಮಾಡಬೇಕು’ ಎಂದು ಕೇಳಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಸಾಧ್ಯವಾದರೆ ಅಂದು ಅಕ್ಕನನ್ನೂ ಜತೆಗೆ ಕರೆದುಕೊಂಡು ಹೋಗಿ.